ಇಚಿ, ನಿ, ಸಾನ್: ಕೋಲಾರದ ಸಂಜೆಗೆ ಜಪಾನ್ ಬಂದ ದಾರಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕೂ ಊರುಗಳಲ್ಲಿ ಶಾಲೆ ಬಿಟ್ಟ ಹೊತ್ತಿನಲ್ಲಿ ಮೈದಾನಗಳ ಕಡೆ ಹೋದರೆ ಬಿಳಿ ಕರಾಟೆ ಡ್ರೆಸ್ಸಿನ ಮಕ್ಕಳ ಸಾಲು ಕಾಣುವುದು ಈಗ ಹೊಸದೇನಲ್ಲ. ಮನೆಯಲ್ಲಿ ತೆಲುಗೋ ಉರ್ದುವೋ ತಮಿಳೋ ಆಡುವ, ತರಗತಿಯಲ್ಲಿ ಕನ್ನಡ ಓದುವ, ಟ್ಯೂಷನ್ನಿನಲ್ಲಿ ಇಂಗ್ಲಿಷ್ ಉರುಹೊಡೆಯುವ ಈ ಮಕ್ಕಳು ಅಲ್ಲಿ ನಿಂತಾಗ ‘ಇಚಿ, ನಿ, ಸಾನ್, ಶಿ’ ಎಂದು ಜಪಾನಿಯರ ಭಾಷೆಯಲ್ಲಿ ಎಣಿಸುತ್ತಾರೆ. ಜಪಾನಿನ ಸಂಸ್ಕೃತಿಗೆ ಮನಸೋತ ಹೊರದೇಶದವರು ಎಂದರೆ ನಮ್ಮ ಕಣ್ಣಮುಂದೆ ಬರುವುದು ಟೋಕಿಯೊದಲ್ಲಿ ನೆಲೆಸಿದ ಎಂಜಿನಿಯರು, ಕ್ಯೋಟೊದಲ್ಲಿ ಚಹಾ ವಿಧಿ ಕಲಿಯುವ ಪಾಶ್ಚಾತ್ಯರು, ಹೆಚ್ಚೆಂದರೆ 2005ರಿಂದ ಬೆಂಗಳೂರಿನಲ್ಲಿ ನಡೆದುಕೊಂಡು ಬಂದಿರುವ ‘ಜಪಾನ್ ಹಬ್ಬ’ದಲ್ಲಿ ಕಿಮೋನೊ ತೊಟ್ಟು ಹಾಡುವ ಕಾಲೇಜು ಹುಡುಗ ಹುಡುಗಿಯರು. ಕೋಲಾರದ ಮೈದಾನ ಆ ಪಟ್ಟಿಗೆ ಸೇರುವುದೇ ಇಲ್ಲ. ಸೇರಬೇಕು ಎಂಬುದು ನನ್ನ ವಾದ. ಈ ಜಿಲ್ಲೆಗೆ ಜಪಾನ್ ಬೇರೆ ದಾರಿಗಳಿಂದಲೂ ಬಂದಿದೆ, ದೊಡ್ಡ ಹಣದ ಬೆಂಬಲದಿಂದಲೇ ಬಂದಿದೆ. ಆದರೆ ಜನ ಅದನ್ನು ತಮ್ಮದು ಮಾಡಿಕೊಂಡದ್ದು ಯಾರೂ ಯೋಜನೆ ಹಾಕದ ಕಡೆ, ತಮ್ಮ ಬಿಡುವಿನ ಹೊತ್ತಿನಲ್ಲಿ.

ಮೊದಲ ದಾರಿ ರೇಷ್ಮೆಯದು. ಆಗಿನ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಶಾಲೆಗಳನ್ನೂ ಕೈಗಾರಿಕೆಗಳನ್ನೂ ನೋಡಿ ಬಂದರು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಜಮ್‌ಶೆಟ್‌ಜಿ ಟಾಟಾ ಜಪಾನಿ ಪರಿಣತರನ್ನು ಕರೆಸಿ ಬೆಂಗಳೂರಿನ ಬಸವನಗುಡಿಯ ಬಳಿ ರೇಷ್ಮೆ ತೋಟ ಹಾಕಿಸಿದರು. ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆಯ ಹೆಸರಿನಲ್ಲಿ ಅದು ಇನ್ನೂ ಉಳಿದಿದೆ. ಆಮೇಲೆ 1991ರಿಂದ 2007ರವರೆಗೆ ಜಪಾನ್ ಸರ್ಕಾರದ ನೆರವಿನ ಸಂಸ್ಥೆ ಜೈಕಾ, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಮೂರು ಹಂತಗಳಲ್ಲಿ ದ್ವಿತಳಿ ರೇಷ್ಮೆಯನ್ನು ರೈತರ ಬಳಿಗೆ ತಂದಿತು. ಹಳದಿ ಗೂಡಿನ ಮಿಶ್ರತಳಿ ಸಾಕುತ್ತಿದ್ದ ಮನೆಗಳಿಗೆ ಬಿಳಿ ಗೂಡು ಬಂತು. ವಾಸದ ಮನೆಯಿಂದ ಬೇರೆಯಾದ ಹುಳುಮನೆ, ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈಕಾಲು ತೊಳೆದು ಒಳಗೆ ಹೋಗುವ ಶಿಸ್ತು, ಎಲೆ ಕೊಯ್ದು ಹೆಚ್ಚಿ ಹಾಕುವ ಬದಲು ಹಿಪ್ಪುನೇರಳೆಯ ರೆಂಬೆಯನ್ನೇ ಹಾಸುವ ಪದ್ಧತಿ, ಚಾಕಿ ಎನ್ನುವ ಎಳೆಯ ಹುಳುವನ್ನು ಬೇರೆ ಕೇಂದ್ರದಲ್ಲಿ ಸಾಕಿ ಎರಡನೆಯ ಜ್ವರ, ಅಂದರೆ ಪೊರೆ ಬಿಡುವ ಹಂತ, ಕಳೆದ ಮೇಲೆ ರೈತರಿಗೆ ಕೊಡುವ ಏರ್ಪಾಡು, ಇವೆಲ್ಲ ಹಬ್ಬಿದ್ದರ ಹಿಂದೆ ಆ ಕೆಲಸವೂ ಇದೆ. ಇದು ಸಣ್ಣ ಕೊಡುಗೆಯಲ್ಲ. ಆದರೂ ಶ್ರೀನಿವಾಸಪುರದ ರೈತ ಹುಳುವಿಗೆ ಸೊಪ್ಪು ಹಾಕುವಾಗ ಜಪಾನನ್ನು ನೆನೆಯುವುದಿಲ್ಲ, ನೆನೆಯಬೇಕಾಗಿಯೂ ಇಲ್ಲ. ಅವನ ಕೈಗೆ ಬಂದದ್ದು ಜಪಾನಿನ ತಂತ್ರ. ಅದನ್ನು ಹುಟ್ಟಿಸಿದ ಜನರ ಹಾಡು, ಆಟ, ನಡವಳಿಕೆ ಯಾವುದೂ ಅದರ ಜೊತೆ ಬರಲಿಲ್ಲ.

ಎರಡನೆಯ ದಾರಿ ಕಾರ್ಖಾನೆಯದು. ಹೋಂಡಾ ತನ್ನ ಮೂರನೆಯ ದ್ವಿಚಕ್ರ ವಾಹನ ಕಾರ್ಖಾನೆಯನ್ನು 2013ರಲ್ಲಿ ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ತೆರೆಯಿತು. ಬಿಳಿ ಸಮವಸ್ತ್ರ, ವಸ್ತು ಇಟ್ಟ ಜಾಗದಲ್ಲೇ ಇರಬೇಕೆಂಬ ನಿಯಮ, ದಿನಕ್ಕಿಷ್ಟು ಸುಧಾರಣೆ ಎಂಬ ಕೈಜೆನ್ ಕಲ್ಪನೆ, ಇವನ್ನು ಸುತ್ತಲಿನ ಐಟಿಐ, ಡಿಪ್ಲೊಮಾ ಹುಡುಗರು ಅಲ್ಲಿ ಕಲಿತರು. ಆದರೆ ಸಂಬಳದ ಜೊತೆ ಬಂದ ಶಿಸ್ತಿಗೆ ಒಂದು ಗಡಿ ಇದೆ. ಶಿಫ್ಟು ಮುಗಿಸಿ ಕಂಪನಿ ಬಸ್ಸು ಹತ್ತಿದ ಮೇಲೆ ಅದನ್ನು ಪಾಲಿಸುವ ಅಗತ್ಯ ಯಾರಿಗೂ ಇರುವುದಿಲ್ಲ. ಬೆಂಗಳೂರಿನಲ್ಲಿ ಜಪಾನಿ ಭಾಷೆಯ ಪರೀಕ್ಷೆಗೆ ಕೂರುವ ಹೆಚ್ಚಿನವರ ಮಾತೂ ಅಷ್ಟೆ. ಅವರ ಗುರಿ ಉದ್ಯೋಗ, ಅದರಲ್ಲಿ ತಪ್ಪೇನೂ ಇಲ್ಲ. ಪರದೇಶದ ಒಂದು ರೂಢಿ ನಮ್ಮಲ್ಲಿ ನಿಜವಾಗಿ ಬೇರೂರಿದೆಯೇ ಎಂದು ತಿಳಿಯಲು ನಾನು ನೋಡುವುದು ಒಂದನ್ನೇ: ಯಾರ ಒತ್ತಾಯವೂ ಇಲ್ಲದೆ, ಸಂಬಳವೂ ಇಲ್ಲದೆ, ಕೈಯಿಂದಲೇ ಫೀಸು ಕಟ್ಟಿ ಜನ ಅದಕ್ಕೆ ಹೊತ್ತು ಕೊಡುತ್ತಾರೆಯೇ? ಈ ನಾಲ್ಕು ತಾಲ್ಲೂಕುಗಳಲ್ಲಿ ಆ ಪರೀಕ್ಷೆಯಲ್ಲಿ ಗೆದ್ದ ಜಪಾನಿ ರೂಢಿ ಕರಾಟೆ.

ಕರಾಟೆಯ ಹುಟ್ಟನ್ನು ನೋಡಿದರೆ ಮೊದಲ ಆಕ್ಷೇಪ ಅಲ್ಲೇ ಏಳುತ್ತದೆ. ಇದು ಜಪಾನಿನದೇ ಅಲ್ಲವಲ್ಲ, ಒಕಿನಾವ ದ್ವೀಪದ್ದು, ಅದಕ್ಕೂ ಹಿಂದೆ ಚೀನಾದ ಮೂಲವಿದೆ ಎನ್ನುವವರುಂಟು. ಮಾತು ಸರಿ. ಒಕಿನಾವ ಮೊದಲು ರ್ಯೂಕ್ಯೂ ಎಂಬ ಬೇರೆಯೇ ರಾಜ್ಯವಾಗಿತ್ತು; ಜಪಾನ್ ಅದನ್ನು ತನ್ನ ಪ್ರಾಂತ್ಯವಾಗಿ ಸೇರಿಸಿಕೊಂಡದ್ದು 1879ರಲ್ಲಿ. ಅಲ್ಲಿನ ಶಾಲಾ ಮಾಸ್ತರ ಗಿಚಿನ್ ಫುನಾಕೋಶಿ 1922ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಟೋಕಿಯೊಗೆ ಹೋಗಿ ತನ್ನ ಊರಿನ ವಿದ್ಯೆಯನ್ನು ಪ್ರದರ್ಶಿಸಿದ. ರಾಜಧಾನಿಯಲ್ಲಿ ಅವನು ಹೊರಗಿನವನೇ. ಒಕಿನಾವದ ವಿದ್ಯಾರ್ಥಿಗಳ ಹಾಸ್ಟೆಲ್ಲಿನಲ್ಲಿ ಕಸ ಗುಡಿಸಿ, ಮೇಲ್ವಿಚಾರಣೆ ಮಾಡಿಕೊಂಡು, ಅಲ್ಲೇ ಒಂದು ಕೋಣೆಯಲ್ಲಿ ಇದ್ದುಕೊಂಡು ಪಾಠ ಹೇಳಿದ. ಜೂಡೊ ಕಟ್ಟಿದ ಜಿಗೊರೊ ಕಾನೊ ಅವನಿಗೆ ನೆರವಾದ. ಇವತ್ತು ಅನಾದಿ ಕಾಲದಿಂದ ಬಂದದ್ದೆಂದು ನಾವು ತಿಳಿದಿರುವ ಬಿಳಿ ಅಂಗಿ, ಬಣ್ಣದ ಬೆಲ್ಟು, ದರ್ಜೆ, ಇವೆಲ್ಲ ಜೂಡೊದಿಂದ ಕರಾಟೆಗೆ ಬಂದವು. ಫುನಾಕೋಶಿ ತನ್ನ ಶಿಷ್ಯರಿಗೆ ಮೊದಲ ಬ್ಲ್ಯಾಕ್ ಬೆಲ್ಟ್ ದರ್ಜೆ ಕೊಟ್ಟದ್ದು 1924ರಲ್ಲಿ. ಅಂದರೆ ಕರಾಟೆ ಎಂಬುದು ಶುರುವಿನಿಂದಲೂ ಹೊರಗಿನವರು ಜಪಾನಿನ ನಡವಳಿಕೆಯೊಳಗೆ ಪ್ರವೇಶ ಪಡೆದ ಒಂದು ಬಗೆ. ಒಕಿನಾವದ ಮಾಸ್ತರನಿಗೆ ಆ ದಾರಿ ತೆರೆದಿತ್ತೆಂದರೆ ಮುಳಬಾಗಿಲಿನ ಹುಡುಗಿಗೆ ಅದು ಪರಕೀಯ ಎನ್ನಲು ನನಗೆ ಕಾರಣ ಕಾಣುವುದಿಲ್ಲ.

ಇದಕ್ಕಿಂತ ಮುಖ್ಯವಾದ ಸಾಕ್ಷ್ಯ ಇನ್ನೂ ಹಿಂದಿನದು. ಫುನಾಕೋಶಿಯ ಗುರುಗಳಲ್ಲೊಬ್ಬನಾದ ಅಂಕೊ ಇತೊಸು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಒಕಿನಾವದ ಶಾಲೆಗಳಿಗೆ ಕರಾಟೆಯನ್ನು ತಂದ. ಅಲ್ಲಿಯವರೆಗೆ ಅದು ಒಬ್ಬ ಗುರು ಬೆರಳೆಣಿಕೆಯ ಶಿಷ್ಯರಿಗೆ ಗುಟ್ಟಾಗಿ ಹೇಳಿಕೊಡುತ್ತಿದ್ದ ವಿದ್ಯೆ. ಇತೊಸು ಅದರಿಂದ ಮಕ್ಕಳಿಗೆ ಹೊಂದುವ ಐದು ಸರಳ ಪಾಠಗಳನ್ನು ಕಟ್ಟಿದ. ಪಿನಾನ್ ಎಂದೋ ಹೆಯಾನ್ ಎಂದೋ ಶೈಲಿಗೆ ತಕ್ಕಂತೆ ಕರೆಯುವ ಅವೇ ಪಾಠಗಳನ್ನು ನಮ್ಮ ಮಕ್ಕಳೂ ಮೊದಲು ಕಲಿಯುವುದು. ಸಾಲಾಗಿ ನಿಂತು, ಮಾಸ್ತರ ಎಣಿಸಿದಂತೆ ಎಲ್ಲರೂ ಒಟ್ಟಿಗೆ ಕೈಬೀಸುವ ಕ್ರಮವೂ ಶಾಲೆಗೆ ಬಂದ ಮೇಲೆ ಬೆಳೆದದ್ದೇ. ಸರ್ಕಾರಿ ಶಾಲೆಯ ಮಣ್ಣಿನ ಮೈದಾನದಲ್ಲಿ ಬರಿಗಾಲಲ್ಲಿ ನಿಂತ ಐವತ್ತು ಮಕ್ಕಳನ್ನು ಕಂಡು ಇದು ಅಸಲಿ ಕರಾಟೆಯಲ್ಲ, ಪಿಟಿ ಡ್ರಿಲ್ಲು ಎಂದು ಮೂಗು ಮುರಿಯುವವರು ಈ ಚರಿತ್ರೆಯನ್ನು ಗಮನಿಸಬೇಕು. ಶಾಲಾ ಮಕ್ಕಳ ವ್ಯಾಯಾಮವಾಗುವುದೇ ಅದರ ಆಧುನಿಕ ಹುಟ್ಟು. ಸಿನಿಮಾದ ಹೊಡೆದಾಟಕ್ಕಿಂತ ಈ ಡ್ರಿಲ್ಲು ಇತೊಸುವಿಗೆ ಎಷ್ಟೋ ಹತ್ತಿರ.

ಆದರೂ ಇಲ್ಲಿಗೆ ಅದನ್ನು ತಂದದ್ದು ಸಿನಿಮಾವೇ. ಎರಡನೆಯ ಮಹಾಯುದ್ಧದ ನಂತರ ಒಕಿನಾವ 1972ರವರೆಗೆ ಅಮೆರಿಕದ ಆಡಳಿತದಲ್ಲಿತ್ತು. ಅಲ್ಲಿನ ನೆಲೆಗಳ ಸೈನಿಕರು ಕಲಿತು ಊರಿಗೆ ಒಯ್ದದ್ದು ಕರಾಟೆ ಲೋಕವಿಡೀ ಹರಡಲು ಒಂದು ಕಾರಣ. ಭಾರತದಲ್ಲಿ ಮುಂಬೈಯ ಪರ್ವೇಜ್ ಮಿಸ್ತ್ರಿ, ಮದರಾಸಿನ ಮೋಸೆಸ್ ತಿಲಕ್ ಮೊದಲ ತಲೆಮಾರಿನ ಗುರುಗಳಲ್ಲಿ ಪ್ರಮುಖರು. ಸಣ್ಣ ಊರುಗಳಿಗೆ ಮಾತ್ರ ಗುರುಗಳಿಗಿಂತ ಮೊದಲು ತಲುಪಿದ್ದು ಬ್ರೂಸ್ ಲೀಯ ಪೋಸ್ಟರು. 1973ರ ‘ಎಂಟರ್ ದ ಡ್ರ್ಯಾಗನ್’ ಚಿತ್ರದ ಆ ನಟನದು ಚೀನಾದ ಕುಂಗ್‌ಫು, ಜಪಾನಿಗೆ ಸಂಬಂಧವಿಲ್ಲ. ನೋಡಿದವರಿಗೆ ಅದೆಲ್ಲ ಕರಾಟೆಯೇ ಆಗಿತ್ತು. ಕನ್ನಡದಲ್ಲಿ 1979ರ ‘ಸೀತಾರಾಮು’ವಿನ ಕಾಲದಿಂದ ಶಂಕರ್‌ನಾಗ್ ಅವರಿಗೆ ‘ಕರಾಟೆ ಕಿಂಗ್’ ಎಂಬ ಹೆಸರು ಅಂಟಿತು, ಅವರು ಆ ವಿದ್ಯೆಯನ್ನು ಕ್ರಮವಾಗಿ ಕಲಿತವರಲ್ಲದಿದ್ದರೂ. ಆಂಧ್ರದ ಗಡಿಗೆ ತಾಗಿದ ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ತೆಲುಗು ಚಿತ್ರಗಳಿಗೆ ಯಾವತ್ತೂ ಜನ ಕಡಿಮೆಯಿಲ್ಲ. ಅಲ್ಲಿ ಕರಾಟೆ ಕಲಿತೇ ಬಂದಿದ್ದ ನಟ ಸುಮನ್ ಇದ್ದರು. ಹೀಗೆ ಸೇರಿಕೊಂಡ ಗೊಂದಲದಿಂದ ಹುಟ್ಟಿದ್ದಕ್ಕೆ ಸಂಸ್ಕೃತಿಯ ಗೌರವ ಕೊಡಬಹುದೇ ಎಂಬುದು ಎರಡನೆಯ ಆಕ್ಷೇಪ. ಬಾಗಿಲವರೆಗೆ ಕರೆತಂದದ್ದು ಯಾವುದು ಎಂಬುದರಿಂದ ಒಳಗೆ ಉಳಿದದ್ದು ತೀರ್ಮಾನವಾಗುವುದಿಲ್ಲ ಎಂದಷ್ಟೇ ನನ್ನ ಉತ್ತರ. ಸಿನಿಮಾ ನೋಡಿ ಸೇರಿದವನಿಗೆ ಮೊದಲ ತಿಂಗಳು ಹಾರುವುದನ್ನು ಯಾರೂ ಹೇಳಿಕೊಡುವುದಿಲ್ಲ.

ಅವನಿಗೆ ಮೊದಲು ಸಿಗುವುದು ನಿಲ್ಲುವ ಪಾಠ. ಒಂದು ಕಾಲು ಮುಂದೆ, ಮಂಡಿ ಬಾಗಿರಬೇಕು, ಹಿಂದಿನ ಕಾಲು ನೆಟ್ಟಗೆ, ಅಂಗಾಲು ನೆಲಕ್ಕೆ ಅಂಟಿರಬೇಕು. ತೊಡೆ ನಡುಗುವವರೆಗೆ ಹಾಗೆಯೇ. ಒಂದು ಕೈ ಮುಂದೆ ಹೋದರೆ ಇನ್ನೊಂದು ಮುಷ್ಟಿ ಸೊಂಟಕ್ಕೆ ಬರಬೇಕು, ಹೋಗುವ ಕೈಯ ಬಿರುಸಿಗೆ ಬರುವ ಕೈಯೂ ಕಾರಣ. ಹತ್ತರ ಎಣಿಕೆ ಮುಗಿದಾಗ ಹೊಟ್ಟೆಯಿಂದ ‘ಕಿಯಾಯ್’ ಎಂಬ ಕೂಗು. ತರಗತಿ ಶುರುವಾಗುವಾಗ, ಮುಗಿಯುವಾಗ ಮಂಡಿಯೂರಿ ಕುಳಿತು ಕಣ್ಣುಮುಚ್ಚಿ ಸುಮ್ಮನಿರುವುದು, ಆಮೇಲೆ ಗುರುವಿಗೆ, ಜೊತೆಗಾರರಿಗೆ ತಲೆಬಾಗುವುದು. ಜೋಡಿಯಾಗಿ ಕುಮಿಟೆ ಆಡುವಾಗ ಎದುರಾಳಿಗೂ ಮೊದಲು ನಮಸ್ಕಾರ, ಏಟು ಮೈಗೆ ತಾಗುವ ಮೊದಲೇ ಕೈ ಹಿಡಿದುಕೊಳ್ಳುವ ಅಭ್ಯಾಸ. ಒಂದೇ ಕಟಾವನ್ನು, ಅಂದರೆ ಒಬ್ಬರೇ ಮಾಡುವ ನಿಗದಿತ ಚಲನೆಗಳ ಸರಣಿಯನ್ನು, ನೂರಾರು ಸಲ ಮಾಡಿದ ಮೇಲೂ ಮಾಸ್ತರು ಹಿಮ್ಮಡಿಯ ಕೋನ ತಿದ್ದುತ್ತಾರೆ. ಹೊಸತನ್ನು ಬೇಗ ಮುಟ್ಟುವುದಕ್ಕಿಂತ ಹಳೆಯದನ್ನೇ ಸರಿಮಾಡುತ್ತ ಹೋಗುವುದರಲ್ಲಿ ಸಂತೋಷ ಕಾಣುವ ಈ ಮನೋಧರ್ಮ ಜಪಾನಿಯರ ಚಹಾ ವಿಧಿಗೂ ಹೂ ಜೋಡಿಸುವ ಕಲೆಗೂ ಸಮಾನ. ಹತ್ತಿಪ್ಪತ್ತು ಜಪಾನಿ ಪದ ಗೊತ್ತಾದ ಮಾತ್ರಕ್ಕೆ ಸಂಸ್ಕೃತಿ ಬಂತೇ ಎಂದು ಕೇಳುವವರಿಗೆ ನಾನು ತೋರಿಸುವುದು ಪದಗಳನ್ನಲ್ಲ, ಆ ಹಿಮ್ಮಡಿಯನ್ನು.

ಗರಡಿ ಮನೆಗಳು ಮುಚ್ಚುತ್ತಿರುವಾಗ ಪರದೇಶದ ವಿದ್ಯೆಗೆ ಮೈದಾನ ಬಿಟ್ಟುಕೊಟ್ಟೆವು ಎಂಬ ಕೊರಗು ನಿಜವಾದದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಮಟ್ಟಿಯ ವಾಸನೆ, ಹನುಮಂತನ ಪಟ, ಉಸ್ತಾದರ ಗದರಿಕೆ ಇದ್ದ ಆ ಲೋಕ ಕುಗ್ಗಿದ್ದು ನಷ್ಟವೇ. ಆದರೆ ಗರಡಿಯನ್ನು ಕುಗ್ಗಿಸಿದ್ದು ಕರಾಟೆಯಲ್ಲ. ಕುಸ್ತಿಪಟುವಿನ ಊಟದ ಖರ್ಚು ಹೊರುತ್ತಿದ್ದ ಅರಮನೆ, ಊರಗೌಡರು, ದೊಡ್ಡ ಮನೆಗಳ ಆಶ್ರಯ ಹೋಯಿತು. ಪೇಟೆಯ ನಡುವಿನ ಜಾಗಕ್ಕೆ ಬೆಲೆ ಬಂತು. ಇನ್ನೊಂದು ಮಾತನ್ನೂ ಹೇಳಲೇಬೇಕು. ಸಂಪ್ರದಾಯದ ಗರಡಿಯೊಳಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಮೈಸೂರು ದಸರೆಯಲ್ಲಿ ಈಗ ಮಹಿಳೆಯರ ಕುಸ್ತಿ ನಡೆಯುತ್ತದೆ, ಅದು ಸ್ವಾಗತಾರ್ಹ. ಸಣ್ಣ ಊರಿನ ಹುಡುಗಿಗೆ ಮಾತ್ರ ದಿನದ ಅಭ್ಯಾಸವಾಗಿ ಮೊದಲು ಒದಗಿದ್ದು ಕರಾಟೆ ತರಗತಿಯೇ. ಮೈ ಮುಚ್ಚುವ ಸಡಿಲ ಬಟ್ಟೆ, ಜಗ್ಗಾಟವಿಲ್ಲದ ಒಂಟಿ ಕಟಾ, ಗಂಡು ಹೆಣ್ಣಿಗೆ ಒಂದೇ ಸಾಲು, ಇವು ತಂದೆತಾಯಿಯ ಅಂಜಿಕೆಯನ್ನು ಕಡಿಮೆ ಮಾಡಿರಬೇಕು. ಜೋರಾಗಿ ನಗಬೇಡ, ಕೂಗಬೇಡ ಎಂದು ಕೇಳಿಯೇ ಬೆಳೆದ ಹನ್ನೆರಡು ವರ್ಷದ ಹುಡುಗಿ ಬಯಲಿನಲ್ಲಿ, ನಾಲ್ಕು ಜನರ ಮುಂದೆ, ಮಾಸ್ತರು ಹೇಳಿದ್ದಕ್ಕೇ ಗಂಟಲು ಬಿಚ್ಚಿ ಕೂಗುತ್ತಾಳೆ. ಈ ಒಂದು ಬದಲಾವಣೆಗಾಗಿಯಾದರೂ ಕರಾಟೆ ನಮ್ಮ ಊರುಗಳಲ್ಲಿ ಇರಬೇಕು ಎನ್ನುತ್ತೇನೆ.

ಕರಾಟೆ ಎಂದರೆ ಬೆಲ್ಟಿನ ವ್ಯಾಪಾರ ಎಂಬ ದೂರಿಗೂ ಆಧಾರವಿದೆ. ಪರೀಕ್ಷೆಗೊಂದು ಶುಲ್ಕ, ಸರ್ಟಿಫಿಕೇಟಿಗೊಂದು ಶುಲ್ಕ, ಊರಿಗೆ ಹತ್ತು ಸಂಘ, ಸಂಘಕ್ಕೊಂದು ‘ಅಂತರರಾಷ್ಟ್ರೀಯ’ ಟೂರ್ನಿ. ರಾಷ್ಟ್ರಮಟ್ಟದ ಒಳಜಗಳ ಎಷ್ಟರ ಮಟ್ಟಿಗಿತ್ತೆಂದರೆ 2020ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಆಗಿನ ಕರಾಟೆ ಸಂಸ್ಥೆಯ ಮಾನ್ಯತೆಯನ್ನೇ ರದ್ದು ಮಾಡಿತು. ಮರುವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಕಿನಾವದ ರ್ಯೊ ಕಿಯುನಾ ಕಟಾ ವಿಭಾಗದ ಚಿನ್ನ ಗೆದ್ದ. ಪ್ಯಾರಿಸ್ ಹೊತ್ತಿಗೆ ಆ ಕ್ರೀಡೆಯೇ ಪಟ್ಟಿಯಲ್ಲಿರಲಿಲ್ಲ. ಆದರೆ ಪದಕದ ದಾರಿ ಮುಚ್ಚಿತೆಂದು ಮಾಲೂರಿನಲ್ಲಾಗಲಿ ಕೋಲಾರದಲ್ಲಾಗಲಿ ಸಂಜೆಯ ತರಗತಿಗಳು ನಿಂತಿಲ್ಲ. ಪದಕಕ್ಕಾಗಿಯೇ ಜನ ಬರುತ್ತಿದ್ದರೆ ನಿಲ್ಲಬೇಕಿತ್ತು.

ಸರ್ಕಾರದ ಯೋಜನೆಗಳ ಬಗ್ಗೆ ಮಾತ್ರ ನನಗೆ ಅಸಮಾಧಾನವಿದೆ. ಸಮಗ್ರ ಶಿಕ್ಷಣದಡಿ ಸರ್ಕಾರಿ ಶಾಲೆಗಳ 6ರಿಂದ 12ನೇ ತರಗತಿಯ ಹುಡುಗಿಯರಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣಾ ತರಬೇತಿ ಇದೆ. ವಸತಿ ಶಾಲೆ, ಹಾಸ್ಟೆಲ್‌ಗಳ ಹುಡುಗಿಯರಿಗಾಗಿ ರಾಜ್ಯ ಸರ್ಕಾರ ಓಬವ್ವನ ಹೆಸರಿನಲ್ಲಿ ಇನ್ನೊಂದನ್ನು ತಂದಿತು. ಎರಡರ ಉದ್ದೇಶವೂ ಒಳ್ಳೆಯದು. ಆದರೆ ಸಮಗ್ರ ಶಿಕ್ಷಣದ ತರಬೇತಿಗೆ ಅನುದಾನ ಸಿಗುವುದು ಮೂರು ತಿಂಗಳಿಗೆ, ತಿಂಗಳಿಗೆ ಶಾಲೆಯೊಂದಕ್ಕೆ 5,000 ರೂಪಾಯಿ. ನಿಲ್ಲುವ ಪಾಠ ಮುಗಿಯುವುದರೊಳಗೆ ಮಾಸ್ತರು ಹೊರಟುಹೋಗುತ್ತಾರೆ. ಮೂರು ತಿಂಗಳಲ್ಲಿ ಹುಡುಗಿ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಾಳೆಂದು ನಂಬಿಸುವುದು ಅವಳಿಗೂ ಒಳಿತಲ್ಲ. ಬಸ್‌ನಿಲ್ದಾಣದಲ್ಲಿ ದೀಪ, ಬೀದಿಯಲ್ಲಿ ಪೊಲೀಸರು ಇರಬೇಕಾದ ಹೊಣೆಯನ್ನು ಅವಳ ಮುಷ್ಟಿಗೆ ದಾಟಿಸಿದಂತಾಗುತ್ತದೆ. ಇತೊಸು 1908ರಲ್ಲಿ ಶಿಕ್ಷಣ ಇಲಾಖೆಗೆ ಬರೆದ ಪತ್ರದಲ್ಲಿ ಕೇಳಿದ್ದು ಬೇರೆ. ಶಿಕ್ಷಕರ ತರಬೇತಿ ಶಾಲೆಯಲ್ಲೇ ಕರಾಟೆ ಕಲಿಸಿ, ಕಲಿತವರು ಪ್ರಾಥಮಿಕ ಶಾಲೆಗಳಿಗೆ ಹೋಗಿ ಹೇಳಿಕೊಟ್ಟರೆ ಹತ್ತು ವರ್ಷದೊಳಗೆ ದ್ವೀಪವಿಡೀ ಹಬ್ಬುತ್ತದೆ ಎಂಬುದು ಅವನ ಲೆಕ್ಕ. ಕೋಲಾರದಲ್ಲಿ ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆ ಡಯಟ್ ಇದೆ, ಶಾಲೆಗಳಲ್ಲಿ ದೈಹಿಕ ಶಿಕ್ಷಕರಿದ್ದಾರೆ, ಊರಿನಲ್ಲೇ ಬೆಳೆದು ಬ್ಲ್ಯಾಕ್ ಬೆಲ್ಟ್ ಪಡೆದ ಯುವತಿಯರೂ ಇದ್ದಾರೆ. ಗುತ್ತಿಗೆಯ ಮೂರು ತಿಂಗಳ ಬದಲು ದೈಹಿಕ ಶಿಕ್ಷಕರಿಗೆ ಇತೊಸುವಿನ ಆ ಐದು ಪಾಠಗಳನ್ನು ಸರಿಯಾಗಿ ಕಲಿಸಿ, ವಾರಕ್ಕೆರಡು ಪಿರಿಯಡ್ ವರ್ಷವಿಡೀ ಮೀಸಲಿಟ್ಟು, ಆ ಯುವತಿಯರಿಗೆ ಶಾಲೆಯ ಮೈದಾನವನ್ನು ಸಂಜೆ ಬಾಡಿಗೆಯಿಲ್ಲದೆ ಬಿಟ್ಟುಕೊಡುವುದನ್ನು ಜಿಲ್ಲಾಡಳಿತ ಈ ವರ್ಷವೇ ಶುರುಮಾಡಬಹುದು.