ಕೋಡಿ ಬಿದ್ದ ಸುದ್ದಿ

ಬಯಲುಸೀಮೆಯ ಹಳ್ಳಿಗಳಲ್ಲಿ ‘ಕೆರೆ ಕೋಡಿ ಬಿತ್ತು’ ಎಂಬ ಮಾತಿಗಿಂತ ಮಂಗಳಕರವಾದ ವಾರ್ತೆ ಬೇರೊಂದಿರಲಿಲ್ಲ. ಅದು ಕಿವಿಗೆ ಬಿದ್ದೊಡನೆ ಹೆಂಗಸರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಏರಿಯ ಮೇಲೆ ನಡೆದು ಗಂಗೆಗೆ ಬಾಗಿನ ಬಿಡುತ್ತಿದ್ದರು. ಗಂಡಸರು ವರ್ಷದ ಬತ್ತದ ಲೆಕ್ಕ ಹಾಕುತ್ತಿದ್ದರು. ಅದೇ ಮಾತು 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವದಿಕ್ಕಿನ ಬಡಾವಣೆಗಳಲ್ಲಿ ಹಬ್ಬಿದಾಗ ಜನರು ಮಕ್ಕಳನ್ನೆತ್ತಿಕೊಂಡು ಮಹಡಿ ಹತ್ತಿದರು.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ, ದೊಡ್ಡ ನದಿಯೊಂದರ ಹಂಗೂ ಇಲ್ಲದೆ ಕುಳಿತಿರುವ ಊರು ಮುಳುಗುವುದೆಂತು ಎಂದು ಪರಸ್ಥಳದವರು ಕೇಳುವುದುಂಟು. ದಿಣ್ಣೆಯೆಂದ ಮೇಲೆ ಇಳಿಜಾರೂ ಇರಲೇಬೇಕಷ್ಟೆ. ಆ ಇಳಿಜಾರಿನಲ್ಲಿ ಹರಿದುಹೋಗುವ ಮಳೆನೀರನ್ನು ಹಿರಿಯರು ಮೆಟ್ಟಿಲು ಮೆಟ್ಟಿಲಾಗಿ ತಡೆದು, ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಯನ್ನು ತುಂಬುವಂತೆ ರಾಜಕಾಲುವೆಗಳಿಂದ ಹೆಣೆದಿದ್ದರು. ಕೈಕೊಂಡ್ರಹಳ್ಳಿಯ ನೀರು ಸೌಳುಕೆರೆಗೆ, ಅಲ್ಲಿಂದ ಬೆಳ್ಳಂದೂರಿಗೆ, ವರ್ತೂರಿಗೆ, ಕಡೆಗೆ ದಕ್ಷಿಣ ಪಿನಾಕಿನಿಗೆ ಸೇರುವುದು ಇದೇ ಕ್ರಮದಲ್ಲಿ. ಧರ್ಮಾಂಬುಧಿ ಕೆರೆ ಬಸ್ಸು ನಿಲ್ದಾಣವಾದುದು, ಸಂಪಂಗಿ ಕೆರೆ ಕ್ರೀಡಾಂಗಣವಾದುದು ಪ್ರತಿ ಮಳೆಗಾಲದಲ್ಲಿಯೂ ಪತ್ರಿಕೆಗಳು ಒಪ್ಪಿಸುವ ಪಾಠವಾದುದರಿಂದ ಅದನ್ನು ಬೆಳೆಸಲಾರೆ. ಕೆರೆ ಹೋದುದಕ್ಕಿಂತ ನೀರಗಂಟಿ ಹೋದುದೇ ನನಗೆ ಹೆಚ್ಚಿನ ವ್ಯಸನ. ಮಳೆಯ ರಾತ್ರಿ ಲಾಟೀನು ಹಿಡಿದು ಏರಿಯುದ್ದಕ್ಕೂ ನಡೆದು, ಎಲ್ಲಿ ನೀರು ಜಿನುಗುತ್ತಿದೆ, ಎಲ್ಲಿ ಹೂಳು ಕಟ್ಟಿದೆ, ತೂಬನ್ನು ಯಾವಾಗ ಎಷ್ಟು ಎತ್ತಬೇಕು ಎಂಬುದನ್ನು ನೋಡಿಕೊಳ್ಳುತ್ತ, ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ಕಾಳು ಪಡೆಯುತ್ತಿದ್ದ ಆತನ ಕೆಲಸವನ್ನು ಈಗ ಹಲವು ಇಲಾಖೆಗಳು ಹಂಚಿಕೊಂಡಿವೆ. ರಾತ್ರಿ ಎರಡು ಗಂಟೆಗೆ ಏರಿಯ ಮೇಲೆ ನಿಲ್ಲುವವರು ಮಾತ್ರ ಇಲ್ಲ.

ಆ ಸೆಪ್ಟೆಂಬರ್ 4ರ ರಾತ್ರಿ ಕಳೆಯುವುದರೊಳಗೆ ನಗರದಲ್ಲಿ ಸುಮಾರು 130 ಮಿಲಿಮೀಟರ್ ಮಳೆ ಸುರಿದಿತ್ತು. ಹೊರವರ್ತುಲ ರಸ್ತೆಯ ಕಂಪ್ಯೂಟರ್ ಕಂಪನಿಗಳ ನೌಕರರು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ನಿಂತು ಕಚೇರಿಗೆ ಹೋದರು. ಅತ್ತ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ, ಬೆಂಗಳೂರಿಗೆ ಕಾವೇರಿಯನ್ನು ಏರಿಸುವ ಪಂಪ್‌ಹೌಸಿಗೂ ನೀರು ನುಗ್ಗಿದ್ದರಿಂದ, ಅಂಗಳದಲ್ಲಿ ಮೊಣಕಾಲುದ್ದ ನೀರಿದ್ದವರ ನಲ್ಲಿಯಲ್ಲಿ ತೊಟ್ಟು ನೀರಿಲ್ಲದಂತಾಯಿತು.

ನೀರು ಇಳಿದ ಮೇಲಿನ ಕಷ್ಟವನ್ನು ಕಂಡವರೇ ಬಲ್ಲರು. ಚರಂಡಿನೀರು ಬೆರೆತ ಸಂಪನ್ನು ಬರಿದುಮಾಡಿ, ತಳದ ಕೆಸರನ್ನು ಬಕೆಟ್ಟಿನಲ್ಲಿ ಎತ್ತಿ, ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿದರೂ ಆ ನಾತ ದಿನಗಟ್ಟಲೆ ಹೋಗದು. ವಿಮೆಯುಳ್ಳವರು ಕಾರಿನ ಫೋಟೋ ತೆಗೆದು ಕಳುಹಿಸಿದರು. ರಾಜಕಾಲುವೆಯ ಅಂಚಿನ ತಗಡಿನ ಶೆಡ್ಡಿನಲ್ಲಿ ಬಟ್ಟೆಯ ಹಗ್ಗಕ್ಕೆ ಕ್ಲಿಪ್ಪು ಹಾಕಿ ರೇಷನ್ ಕಾರ್ಡನ್ನೂ ಮಗಳ ಅಂಕಪಟ್ಟಿಯನ್ನೂ ಒಣಗಿಸುತ್ತಿದ್ದ ಕೂಲಿಯ ಹೆಂಗಸಿಗೆ ಆ ಅನುಕೂಲವಿರಲಿಲ್ಲ. ಮರುವರ್ಷದ ಹೊತ್ತಿಗೆ ಗೇಟಿನ ಮುಂದೆ ಒಂದೂವರೆ ಅಡಿಯ ಕಾಂಕ್ರೀಟು ದಿಬ್ಬ ಎಬ್ಬಿಸಿದ ಮನೆಗಳನ್ನು ಕಂಡೆ. ನೀರು ಆವಿಯಾಗಿ ಹೋಗುವುದಿಲ್ಲ. ಒಬ್ಬರು ಎತ್ತರಿಸಿಕೊಂಡಷ್ಟೂ ಅದು ಪಕ್ಕದವರ ಹೊಸ್ತಿಲು ದಾಟುತ್ತದೆ.

ಆದರೂ ಕೈಕೊಂಡ್ರಹಳ್ಳಿಯಂಥ ಕೆರೆಗಳನ್ನು ಸುತ್ತಣ ನಿವಾಸಿಗಳು ಪಾಲಿಕೆಯ ಬೆನ್ನು ಬಿದ್ದು ಉಳಿಸಿಕೊಂಡುದು ಈ ಊರಿನಲ್ಲಿಯೇ. ಕಳೆದ ಮಳೆಗಾಲ ಸರ್ಜಾಪುರ ರಸ್ತೆಯ ಬಳಿಯ ಕೆರೆಯೊಂದರ ಕೋಡಿಯಲ್ಲಿ, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಪಂಚೆ ಎತ್ತಿ ಕಟ್ಟಿ, ಜಾಲರಿಗೆ ಸಿಕ್ಕಿದ ಥರ್ಮಾಕೋಲನ್ನೂ ತೆಂಗಿನ ಗರಿಯನ್ನೂ ಗುದ್ದಲಿಯಿಂದ ಎಳೆಯುತ್ತಿದ್ದರು. ಅಷ್ಟರಲ್ಲಿ ಜೇಬಿನ ಫೋನು ಕೂಗಿತು, ಕೆಳಗಿನ ಬಡಾವಣೆಯವರು.

“ಎಷ್ಟು ಬಂತು, ಸಾರ್?”

ಅವರು ಬಗ್ಗಿ, ಕೋಡಿಯ ಕಲ್ಲಿನ ಮೇಲೆ ಕೈ ಅಗಲಿಸಿ ಅಳೆದು ನೋಡಿದರು.

“ಇನ್ನೂ ಎರಡು ಗೇಣು ಇದೆ. ಮಲಕ್ಕೊಳ್ಳಿ, ನಾನಿದ್ದೀನಿ.”