ಅಂಚಿನ ನಕ್ಷತ್ರಗಳು: ವಲಸಿಗರೋ, ಮನೆಯವರೋ?

ನಮ್ಮ ಆಕಾಶಗಂಗೆ ಚಪ್ಪಟೆಯಾದ ತಟ್ಟೆಯಂತಿದೆ. ಸೂರ್ಯನಿರುವುದು ಅದರ ಕೇಂದ್ರದಿಂದ ಸುಮಾರು 26 ಸಾವಿರ ಜ್ಯೋತಿರ್ವರ್ಷ ದೂರದಲ್ಲಿ. ಅಲ್ಲಿಂದಲೂ ಬಹುದೂರ, ತಟ್ಟೆಯ ಹೊರ ಅಂಚಿನಲ್ಲಿ, ಏಕಶೃಂಗಿ ನಕ್ಷತ್ರಪುಂಜದ ದಿಕ್ಕಿಗೆ ಅನಿರೀಕ್ಷಿತವಾದ ನಕ್ಷತ್ರ ದಟ್ಟಣೆಯೊಂದು 2002ರಲ್ಲಿ ಪತ್ತೆಯಾಯಿತು. ಸ್ಲೋನ್ ಡಿಜಿಟಲ್ ಗಗನ ಸಮೀಕ್ಷೆಯಲ್ಲಿ ಅದನ್ನು ಗುರುತಿಸಿದವರು ಹೈಡಿ ನ್ಯೂಬರ್ಗ್ ಮತ್ತು ಸಂಗಡಿಗರು. ಮುಂದೆ ಇದಕ್ಕೆ 'ಮಾನೊಸೆರಸ್ ಉಂಗುರ' ಎಂಬ ಹೆಸರು ಬಂದಿತು.

ಈ ನಕ್ಷತ್ರಗಳು ಬಂದದ್ದೆಲ್ಲಿಂದ? ಛಿದ್ರಗೊಂಡ ಕುಬ್ಜ ಗೆಲಾಕ್ಸಿಯೊಂದರ ಅವಶೇಷ ಎಂಬುದು ಒಂದು ವಾದ. ನಮ್ಮ ತಟ್ಟೆಯಿಂದಲೇ ಮೇಲೆದ್ದವು ಎಂಬುದು ಇನ್ನೊಂದು. ಉತ್ತರ ತಪ್ಪಿದರೆ ಆಕಾಶಗಂಗೆ ಬೆಳೆದ ಚರಿತ್ರೆಯೇ ತಪ್ಪಾಗುತ್ತದೆ.

ಕೋಟ್ಯಂತರ ವರ್ಷಗಳ ಘಟನೆಯನ್ನು ಕಣ್ಣಾರೆ ಕಾಣುವುದು ಅಸಾಧ್ಯ. ಆದ್ದರಿಂದ ವಿಜ್ಞಾನಿಗಳು ಗೆಲಾಕ್ಸಿಯನ್ನು ಕಂಪ್ಯೂಟರಿನಲ್ಲಿ ಅಪಾರ ಸಂಖ್ಯೆಯ ಕಣಗಳ ರಾಶಿಯಾಗಿ ನಿರ್ಮಿಸುತ್ತಾರೆ. ಪ್ರತಿ ಕಣದ ಮೇಲೆ ಉಳಿದವುಗಳ ಗುರುತ್ವದ ಸೆಳೆತವೆಷ್ಟೆಂದು ಲೆಕ್ಕಹಾಕಿ, ಎಲ್ಲವನ್ನೂ ಒಂದು ಹೆಜ್ಜೆ ಮುಂದೆ ಸರಿಸಿ, ಮತ್ತೆ ಲೆಕ್ಕ ಹಾಕಲಾಗುತ್ತದೆ. ಒಂದು ಕಣವೆಂದರೆ ಒಂದು ನಕ್ಷತ್ರವಲ್ಲ. 2008ರ ಹೆಸರಾಂತ 'ಅಕ್ವೇರಿಯಸ್' ಯೋಜನೆಯ ಅತಿ ಸೂಕ್ಷ್ಮ ಲೆಕ್ಕಾಚಾರದಲ್ಲಿಯೂ ಒಂದು ಕಪ್ಪುದ್ರವ್ಯ ಕಣದ ತೂಕ ಸುಮಾರು 1,700 ಸೂರ್ಯರಷ್ಟಿತ್ತು.

ಧನು ರಾಶಿಯ ದಿಕ್ಕಿನಲ್ಲಿ 1994ರಲ್ಲಿ ಪತ್ತೆಯಾದ ಕುಬ್ಜ ಗೆಲಾಕ್ಸಿಯೊಂದು ಈಗಲೂ ನಮ್ಮ ಗೆಲಾಕ್ಸಿಯ ಸೆಳೆತಕ್ಕೆ ಸಿಕ್ಕಿ ಹರಿಯುತ್ತಿದೆ. ಅದು ಮತ್ತೆ ಮತ್ತೆ ತಟ್ಟೆಯನ್ನು ಹಾದುಹೋದರೆ ಏನಾದೀತು? ಕೆರೆಗೆ ಕಲ್ಲೆಸೆದಂತೆ ತಟ್ಟೆಯಲ್ಲಿ ಅಲೆಗಳೆದ್ದು, ಹೊರ ಅಂಚಿನಲ್ಲಿ ಮಾನೊಸೆರಸ್ ಉಂಗುರವನ್ನು ಹೋಲುವ ರಚನೆಗಳು ಮೂಡುತ್ತವೆ ಎಂದು 2018ರಲ್ಲಿ ಪ್ರಕಟವಾದ ಲೆಕ್ಕಾಚಾರಗಳು ತೋರಿಸಿದವು.

ಆದರೆ ಕಂಪ್ಯೂಟರ್ ಹೇಳುವುದು 'ಹೀಗಾಗಬಹುದು' ಎಂದಷ್ಟೇ. ಸಾಕ್ಷ್ಯ ನುಡಿಯಬೇಕಾದುದು ನಕ್ಷತ್ರದ ಬೆಳಕು. ಅದೇ ವರ್ಷ ಮರಿಯಾ ಬರ್ಗ್‌ಮನ್ ತಂಡ, ತಟ್ಟೆಯಿಂದ ಬಹಳ ಮೇಲೆ ಮತ್ತು ಕೆಳಗೆ ಇರುವ ಇಂತಹುದೇ ಎರಡು ರಚನೆಗಳ 14 ನಕ್ಷತ್ರಗಳನ್ನು ಪರೀಕ್ಷಿಸಿತು. ಅವುಗಳ ರಾಸಾಯನಿಕ ಸಂಯೋಜನೆ ಕುಬ್ಜ ಗೆಲಾಕ್ಸಿಗಳದ್ದಕ್ಕೆ ಹೊಂದಲಿಲ್ಲ. ನಮ್ಮ ತಟ್ಟೆಯದ್ದಕ್ಕೇ ಹೊಂದಿತು. ಅಂದರೆ ಅವು ಮನೆಯಿಂದ ಹೊರದೂಡಲ್ಪಟ್ಟ ಮನೆಯವರೇ.

ಹಾಗೆಂದು ವಲಸಿಗರೇ ಇಲ್ಲವೆಂದಲ್ಲ. ಸುಮಾರು ಸಾವಿರ ಕೋಟಿ ವರ್ಷಗಳ ಹಿಂದೆ ದೊಡ್ಡ ಗೆಲಾಕ್ಸಿಯೊಂದು ನಮ್ಮದರಲ್ಲಿ ವಿಲೀನವಾದುದಕ್ಕೆ ಗಾಯಾ ಉಪಗ್ರಹದ ಮಾಹಿತಿ 2018ರಲ್ಲಿಯೇ ಪುರಾವೆ ಒದಗಿಸಿತು. ತಟ್ಟೆಯನ್ನು ಸುತ್ತುವರಿದ ಪ್ರಭಾವಲಯದ ಬಹುಪಾಲು ನಕ್ಷತ್ರಗಳು ಹೀಗೆ ಬಂದು ನೆಲೆಸಿದವು. ಯಾವುದು ಹೊರಗಿನದು, ಯಾವುದು ಒಳಗಿನದು ಎಂಬುದನ್ನು ಇರುವ ಜಾಗವೊಂದರಿಂದಲೇ ನಿರ್ಧರಿಸಲಾಗದು ಎಂಬುದೇ ಈ ಉಂಗುರ ಕಲಿಸಿದ ಪಾಠ.