ಚೆಲುವನಾರಾಯಣನ ಸೀಮೆಯಲ್ಲಿ ಬಿಳುಪಿನ ಹಂಬಲ

ಮಂಡ್ಯದ ಕಡೆ ಕೂಸು ನೋಡಲು ಬಂದ ಹಿರಿಯರು ಕಿವಿಯ ಅಂಚನ್ನೊಮ್ಮೆ ತಿರುಗಿಸಿ ನೋಡುವುದುಂಟು. ಹುಟ್ಟಿದಾಗ ಎಲ್ಲವೂ ಕೆಂಪಗೇ ಇರುತ್ತವೆ, ಮುಂದೆ ತಿರುಗುವ ಬಣ್ಣ ಕಿವಿಯಲ್ಲಿ ಗೊತ್ತಾಗುತ್ತದೆ ಎಂಬ ನಂಬಿಕೆ. ಬಸುರಿಗೆ ಕೇಸರಿ ಹಾಲು ಕುಡಿಸುವುದೂ ಇದೇ ಆಸೆಗೆ. ಇದೆಲ್ಲ ಅನಾದಿಯದು ಎನ್ನುವವರಿದ್ದಾರೆ; ಅರ್ಧ ನಿಜ. ಬಣ್ಣಕ್ಕೂ ಜಾತಿಗೂ ಗಂಟು ಹಾಕುವ ಚಾಳಿ ಹಳೆಯದೇ. ಆದರೆ ಇದೇ ಜಿಲ್ಲೆಯ ಮೇಲುಕೋಟೆಯಲ್ಲಿ ‘ಚೆಲುವ’ ಎನಿಸಿಕೊಂಡ ನಾರಾಯಣ ಕಪ್ಪು ಶಿಲೆಯವನು. ಮದ್ದೂರು, ಮಳವಳ್ಳಿಯ ಹಳ್ಳಿಗಳಲ್ಲಿ ಕರಿಗೌಡ, ಕರಿಯಪ್ಪ, ಕಾಳಮ್ಮ ಎಂದು ಮನಸಾರೆ ಹೆಸರಿಡುತ್ತಿದ್ದರು. ಈಗ ಹಾಗೆ ಹೆಸರಿಡುವ ಧೈರ್ಯ ಯಾವ ತಾಯಿಗಿದೆ?

ನಡುವೆ ಕಬ್ಬು ಬಂತು ಎಂಬುದು ನನ್ನ ಊಹೆ. ವಿಶ್ವೇಶ್ವರಯ್ಯ ನಾಲೆ, 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಾರ್ಖಾನೆ, ಅವುಗಳಿಂದ ಕೈಗೆ ಬಂದ ಕಾಸು: ಮಕ್ಕಳನ್ನು ಗದ್ದೆಯ ಬಿಸಿಲಿನಿಂದ ಆಫೀಸಿನ ನೆರಳಿಗೆ ದಾಟಿಸುವುದೇ ಏಳಿಗೆಯಾಯಿತು. ದಾಟಿದ್ದಕ್ಕೆ ಮೈಬಣ್ಣವೇ ಗುರುತಾಯಿತು. 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ಕಾಸು ಮಾಡಿಕೊಂಡದ್ದು ಈ ಹಂಬಲವನ್ನೇ. ಹಿಂದಿನ ತಾತ್ಸಾರ ‘ಹಣೆಬರಹ’ ಎಂದು ಸುಮ್ಮನಾಗುತ್ತಿತ್ತು. ಕ್ರೀಮು ಮಾತ್ರ ಕಪ್ಪನ್ನು ಹುಡುಗಿಯ ಸೋಮಾರಿತನವಾಗಿಸಿತು. ಹಚ್ಚಿಕೊಳ್ಳಬಾರದೇ ಎಂಬ ಮಾತು ಹುಟ್ಟಿದ್ದು ಆಗ.

ಪ್ರೀತಿಯಿಂದ ‘ಕರಿಯ’ ಎಂದರೆ ಏನು ತಪ್ಪು ಎನ್ನಬಹುದು. ಇಂಥ ಮಾತು ಮಗುವಿನ ಮನಸ್ಸಿಗೆ ಹೇಗೆ ಇಳಿಯುತ್ತದೆ ಎಂಬುದಕ್ಕೆ ಒಂದು ಉದಾಹರಣೆ ನೋಡಿ. 1940ರ ದಶಕದಲ್ಲಿ ಅಮೆರಿಕದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ ಬಣ್ಣವೊಂದನ್ನು ಬಿಟ್ಟು ಎಲ್ಲದರಲ್ಲೂ ಒಂದೇ ತೆರನಾದ ಬೊಂಬೆಗಳನ್ನು ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದಿಟ್ಟರು. ಬಹುಪಾಲು ಮಕ್ಕಳು ಬಿಳಿಯದೇ ಚೆನ್ನ ಎಂದವು. ನಿನ್ನಂತಿರುವುದು ಯಾವುದು ಎಂದಾಗ ಕೆಲವು ಅತ್ತುಬಿಟ್ಟವು. ಅಲ್ಲಿನ ಶಾಲೆಗಳ ವರ್ಣಭೇದವನ್ನು ರದ್ದುಪಡಿಸಿದ 1954ರ ತೀರ್ಪಿನಲ್ಲಿ ಈ ಅಧ್ಯಯನದ ಉಲ್ಲೇಖವಿದೆ. ಅಲ್ಲಿಯ ಕಥೆ ಇಲ್ಲಿಗೇಕೆ ಎಂದರೆ, ಅಲ್ಲಿ ಹಳಿಯುತ್ತಿದ್ದುದು ಹೆಚ್ಚಾಗಿ ಹೊರಗಿನ ಸಮಾಜ. ನಮ್ಮಲ್ಲಿ ಅಕ್ಕ ಬೆಳ್ಳಗೆ, ತಂಗಿ ಕಪ್ಪು, ತೂಗಿ ನೋಡುವವಳು ಅಜ್ಜಿ. ಮಗುವಿಗೆ ಓಡಿಹೋಗಲು ಬೇರೆ ಮಡಿಲಿಲ್ಲ.

2020ರಲ್ಲಿ ಕ್ರೀಮಿನ ಹೆಸರಿನಿಂದ ‘ಫೇರ್’ ಹೋಗಿ ‘ಗ್ಲೋ’ ಬಂತು. ಹೆಣ್ಣು ಸಿಗದೆ 2023ರಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಯುವಕರು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ, ಇನ್ನು ಬಣ್ಣ ಕೇಳುವವರ್ಯಾರು ಎಂದವರೂ ಇದ್ದಾರು. ಆದರೆ ಮದುವೆಯ ಮಾತು ಬರುವುದು ಇಪ್ಪತ್ತು ದಾಟಿದ ಮೇಲೆ. ತಾನು ಚೆನ್ನಾಗಿಲ್ಲ ಎಂದು ಮಗು ಕಲಿಯುವುದು ಅಂಗನವಾಡಿಗೆ ಹೋಗುವ ವಯಸ್ಸಿನಲ್ಲಿ.